ಕಾರ್ಟರೆಟ್ ದ್ವೀಪಗಳಲ್ಲಿ ಕೆಸು ಯಾಕೆ ಸಾಯುತ್ತಿದೆ?

ಪ್ರಶ್ನೆ: ಪಪುವಾ ನ್ಯೂಗಿನಿಯ ಬೂಗನ್‌ವಿಲ್‌ಗೆ ಸೇರಿದ ಈ ಹವಳದ್ವೀಪಗಳಲ್ಲಿ ಕೆಸುವಿನ ಗುಂಡಿಗಳು ಹಾಳಾಗುತ್ತಿವೆ. ಸುತ್ತ ಕಲ್ಲಿನ ಕಟ್ಟೆ ಕಟ್ಟಿದರೆ ಸಾಲದೆ? ಅಲ್ಲಿನ ಜನಕ್ಕೆ ಮೊದಲು ಬೇಕಿರುವುದೇನು?

ಉತ್ತರ 1: ಕಟ್ಟೆ ಅಲೆಯನ್ನು ತಡೆದೀತು, ಅಡಿಯಿಂದ ಬರುವ ಉಪ್ಪನ್ನಲ್ಲ. ಹವಳದ ಮರಳಿನೊಳಗೆ ಮಳೆನೀರು ಉಪ್ಪುನೀರಿನ ಮೇಲೆ ಮಸೂರದಂತೆ ತೇಲುತ್ತದೆ. ಗುಂಡಿ ತೋಡುವುದು ಆ ಸಿಹಿನೀರು ಸಿಗುವಷ್ಟು ಆಳಕ್ಕೆ. ಮಳೆ ಕಡಿಮೆಯಾಗಿ ಸಿಹಿನೀರಿನ ಮಟ್ಟ ಒಂದು ಗೇಣು ಇಳಿದರೆ, ಲೆಕ್ಕದ ಪ್ರಕಾರ ಕೆಳಗಿನ ಉಪ್ಪು ಅದರ ಸುಮಾರು 40 ಪಟ್ಟು ಮೇಲೇರುತ್ತದೆ. ಆಗ ಎಲೆ ಅಂಚಿನಿಂದ ಒಣಗಿ ಗಡ್ಡೆ ಕೊಳೆಯುತ್ತದೆ. ಅಲೆ ಒಮ್ಮೆ ಒಳನುಗ್ಗಿದರೂ ಉಪ್ಪು ತೊಳೆದುಹೋಗಲು ಒಳ್ಳೆಯ ಮಳೆ ಬೇಕು.

ಉತ್ತರ 2: ಕುಡಿಯುವ ನೀರಿಗೆ ತಗಡಿನ ಚಾವಣಿ, ಅದರಂಚಿನ ಮಳೆನೀರು ಹರಿಸುವ ದೋಣಿ, ಮುಚ್ಚಿದ ತೊಟ್ಟಿ ಸಾಕು. 20 ಚದರ ಮೀಟರ್ ಚಾವಣಿಗೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,000 ಲೀಟರ್, ಸೋರಿಕೆ ಕಳೆದರೆ 800. ಮೊದಲ 20 ಲೀಟರ್ ಹೊರಚೆಲ್ಲಿ, ತೊಟ್ಟಿಯ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಬೇಕು. ತಾಳೆಗರಿ ಚಾವಣಿಯ ನೀರು ಬಣ್ಣಗೆಡುತ್ತದೆ.

ಉತ್ತರ 3: ನೀರಿಗಿಂತ ಜಟಿಲವಾದದ್ದು ಭೂಮಿ. ಅಲ್ಲಿ ಭೂಮಿಯ ಹಕ್ಕು ತಾಯಿಯ ವಂಶದಲ್ಲಿ ಸಾಗುತ್ತದೆ, ನಮ್ಮ ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದು ತಕ್ಷಣ ಅರ್ಥವಾದೀತು. ಹಾಗಾಗಿ ದ್ವೀಪ ಬಿಟ್ಟು ಸ್ಥಳಾಂತರವೆಂದರೆ ಹೆಂಗಸರ ಅಧಿಕಾರದ ಬೇರೇ ಕಿತ್ತಂತೆ. ಸ್ಥಳಾಂತರ ನಡೆಸಲು ದ್ವೀಪದ ಹಿರಿಯರು 2006ರಲ್ಲಿ ಕಟ್ಟಿಸಿದ ಸಂಸ್ಥೆ ತುಲೆಲೆ ಪೈಸಾ. ಅಲ್ಲಿನ ಹಾಲಿಯಾ ನುಡಿಯಲ್ಲಿ ಅದರರ್ಥ, ಅಲೆಗಳ ಮೇಲೆ ನಮ್ಮದೇ ಯಾನ. ಜನರು ಹೆಚ್ಚಾಗಿ ಕ್ಯಾಥೊಲಿಕರು, ಬೂಗನ್‌ವಿಲ್ ಮುಖ್ಯದ್ವೀಪದ ಟಿನ್‌ಪುಟ್ಸ್‌ನಲ್ಲಿ ಜಮೀನು ಕೊಟ್ಟದ್ದೂ ಚರ್ಚೇ. 2009ರಲ್ಲಿ ಮೊದಲು ಕೆಲವು ಕುಟುಂಬಗಳ ತಂದೆಯರು ಅಲ್ಲಿಗೆ ಹೋಗಿ ಮನೆ, ತೋಟ ಮಾಡಿದರು. ಕೋಕೋ ಫಲಕ್ಕೆ ಮೂರ್ನಾಲ್ಕು ವರ್ಷ ಬೇಕು, ಅಲ್ಲಿಯವರೆಗೆ ಗೆಣಸು, ಬಾಳೆಯೇ ಊಟ. ಆತಿಥೇಯ ಊರಿನವರ ಒಪ್ಪಿಗೆ ಮೊದಲೇ ಗಟ್ಟಿಯಾಗದಿದ್ದರೆ ಗಡಿಜಗಳ ಖಚಿತ.