ಪದ ಬೇಕು: ಮನುಷ್ಯರ ಹೆದರಿಕೆ ಬಿಟ್ಟ ಕಾಡುಪ್ರಾಣಿಗೆ ಏನನ್ನಬೇಕು? (ನಾಳೆ ಬೆಳಗಿನೊಳಗೆ)

ಬಳಗದವರಿಗೆ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕು. ನಾಳೆ ಬೆಳಗ್ಗೆ ನಮ್ಮೂರ ಹಾಲಿನ ಡೇರಿ ಎದುರು ಒಂದು ಬೋರ್ಡು ನಿಲ್ಲಿಸಬೇಕಾಗಿದೆ. ಪೇಟೆಯಲ್ಲಿ ಅಚ್ಚು ಹಾಕುವ ಅಂಗಡಿ ಮುಚ್ಚಿದೆ, ಮೇ 3ರವರೆಗೆ ತೆಗೆಯುವಂತಿಲ್ಲ. ಪಕ್ಕದ ಮನೆ ಹುಡುಗ ಗೇಟಿಗೆ ಬಳಿದು ಉಳಿದ ಬಣ್ಣದಲ್ಲಿ ಮೂರಡಿ ಅಗಲದ ತಗಡಿನ ಮೇಲೆ ಬರೆದುಕೊಡುತ್ತೇನೆ ಅಂದಿದ್ದಾನೆ. ಸಾಲಿಗೆ ಹತ್ತು ಅಕ್ಷರ ಹಿಡಿದರೆ ಹೆಚ್ಚು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. 2020ರ ಮಾರ್ಚ್ 25ಕ್ಕೆ ಕೊರೊನಾ ಕಾರಣ ಲಾಕ್‌ಡೌನ್ ಆದಮೇಲೆ ಜೋಗದ ಕಡೆಗೆ ಪ್ರವಾಸಿಗರು ಬರುವುದು ನಿಂತಿತು. ಅವರು ಕೊಟ್ಟ ಬಾಳೆಹಣ್ಣು, ಬಿಸ್ಕತ್ತು ತಿಂದೇ ಇದ್ದ ರಸ್ತೆ ಬದಿಯ ಮಂಗಗಳು ಊರೊಳಗೆ ಇಳಿದಿವೆ. ಅದೇ ಹೊತ್ತಿಗೆ ಇಲ್ಲಿ ಬಾಳೆಗೊನೆ ಕೊಳ್ಳುವವರಿಲ್ಲ. ಕೊಳೆಸುವುದಕ್ಕಿಂತ ಅವಾದರೂ ತಿನ್ನಲಿ ಅಂತ ಜನ ಅಂಗಳದಲ್ಲಿ ಗೊನೆ ಇಟ್ಟರು. ಕರುಣೆಯಿಂದಲೇ ಇಟ್ಟರು, ನಾನೂ ಇಟ್ಟಿದ್ದೇನೆ. ಮೂರು ವಾರದಲ್ಲಿ ಅವು ಅಡುಗೆಮನೆ ಕಿಟಕಿಗೆ ಕೈ ಹಾಕುತ್ತಿವೆ. ನಮ್ಮ ನಾಯಿ ಬೊಗಳುವುದನ್ನೇ ಬಿಟ್ಟು ಜಗಲಿ ಮೂಲೆ ಸೇರಿದೆ. ಬೆಕ್ಕು ಅಟ್ಟದಿಂದ ಇಳಿಯುತ್ತಿಲ್ಲ.

ಇದು ಮಂಗನ ಕಾಯಿಲೆಯ ಕಾಲ ಕೂಡ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಅದರದ್ದೇ ಭಯ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿದರೆ ಮನುಷ್ಯರಿಗೆ ಬರುತ್ತದೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ನಾಯಿಗೋ ದನಕ್ಕೋ ಹತ್ತಿ ಕೊಟ್ಟಿಗೆಗೆ ಬರುತ್ತದೆ, ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋದವರ ಕಾಲಿಗೂ ಹತ್ತುತ್ತದೆ. ಕೊರೊನಾ ಗಲಾಟೆಯಲ್ಲಿ ಇದನ್ನು ಯಾರೂ ಮರೆಯಬಾರದು ಅನ್ನುವುದೇ ಬೋರ್ಡಿನ ಉದ್ದೇಶ.

ನನ್ನ ಕೈಯಲ್ಲಿರುವ ಇಂಗ್ಲಿಷ್ ಕರಪತ್ರದಲ್ಲಿ ‘ಹ್ಯಾಬಿಚುಯೇಟೆಡ್’ ಎಂಬ ಮಾತಿದೆ. ಮನುಷ್ಯರ ಹೆದರಿಕೆ ಹೋಗಿದೆ, ಆದರೆ ಸಾಕಿದ್ದೂ ಅಲ್ಲ, ಪಳಗಿದ್ದೂ ಅಲ್ಲ. ಇದಕ್ಕೆ ಡೇರಿಗೆ ಬರುವ ಅಜ್ಜಿಗೂ ತಿಳಿಯುವ ಒಂದು ಪದ ಹೇಳಿ.

ಮೈಸೂರಿನಿಂದ:

‘ಪಳಗಿದ’. ನಿಘಂಟು ತೆರೆದು ನೋಡಿದರೆ ತಿಳಿಯುವ ವಿಷಯ.

ಬೆಂಗಳೂರಿನಿಂದ:

ಪಳಗಿದ ಅನ್ನುವುದೇ ತಪ್ಪು ರೂಪ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳೆಯದು ಹಳೆಯದಾಯಿತು. ಹಾಗಿದ್ದಮೇಲೆ ಇದೊಂದು ಪಕಾರ ಯಾಕೆ ಉಳಿಯಬೇಕು? ‘ಹಳಗಿದ’ ಎಂದೇ ಬರೆಯಿರಿ. ‘ಪ್ರಾಣಿ’ಯೂ ಬೇಡ, ‘ಮಿಗ’ ಇದೆ. ಬೋರ್ಡು, ಗೇಟು, ಲಾಕ್‌ಡೌನ್ ಅಂತ ಬರೆಯುವವರು ಒಂದು ಪದಕ್ಕೆ ಇಷ್ಟು ಯೋಚಿಸುವುದು ನನಗೆ ಅರ್ಥವಾಗಲಿಲ್ಲ.

ಮೈಸೂರಿನಿಂದ:

‘ಪಳಗಿದ ಕೈ’ ಅನ್ನುವುದನ್ನು ‘ಹಳಗಿದ ಕೈ’ ಎಂದು ಯಾವ ಊರಿನಲ್ಲಿ ಹೇಳುತ್ತಾರೆ, ತಿಳಿಸಿ. ಜನ ಉಳಿಸಿಕೊಂಡ ಪಕಾರವನ್ನು ನಿಯಮ ಹೇಳಿ ಕಿತ್ತುಹಾಕಲು ಆಗುವುದಿಲ್ಲ.

ಧಾರವಾಡದಿಂದ:

ಅಕ್ಕಾರ, ನಿಮ್ಮ ಪ್ರಶ್ನೆಯೊಳಗೇ ಉತ್ತರ ಐತಿ. ‘ಸಾಕು’ ಅನ್ನೂದರ ಮೂಲ ನೋಡ್ರಿ. ಸಾಕು ಅನ್ನುವಷ್ಟು ಉಣ್ಣಿಸೂದೇ ಸಾಕೂದು. ಎರಡೂ ಒಂದೇ ಪದ. ನೀವು ಬಾಳೆಹಣ್ಣು ಕೊಟ್ಟ ಗಳಿಗೆಯಿಂದ ಅವು ‘ಸಾಕಿದ ಮಂಗ್ಯಾ’. ಬ್ಯಾರೆ ಪದ ಹುಡುಕೂ ಜರೂರ ಇಲ್ಲ.

ಮಂಗಳೂರಿನಿಂದ:

ಎರಡೂ ಒಂದೇ ಪದ ಅಲ್ಲ. ‘ಬೇಕು’ ಹೇಗೆ ಹಳಗನ್ನಡದ ‘ಬೇೞ್ಕುಂ’ನಿಂದ ಬಂತೋ ಹಾಗೆ ತೃಪ್ತಿಯ ‘ಸಾಕು’ ‘ಸಾಲ್’ ಧಾತುವಿನಿಂದ ಬಂತು. ‘ಸಾಲದು’ ಅನ್ನುವಾಗ ಅದು ಇನ್ನೂ ಕಾಣುತ್ತದೆ. ಪೋಷಣೆಯ ‘ಸಾಕು’ ಬೇರೆ. ತುಳುವಿನಲ್ಲಿ ಅದು ‘ಸಾಂಕುನಿ’, ಬಿಂದು ಸಮೇತ. ಊಟ ಸಾಕು ಅನ್ನಬೇಕಾದರೆ ತುಳುವರು ‘ಯಾವು’ ಅನ್ನುತ್ತಾರೆ. ತೆಲುಗಿನಲ್ಲೂ ಹೊಟ್ಟೆ ತುಂಬಿದರೆ ‘ಚಾಲು’, ಮಗು ಬೆಳೆಸುವುದು ‘ಸಾಕು’. ಕನ್ನಡದಲ್ಲಿ ಎರಡೂ ಒಂದೇ ಸದ್ದಿಗೆ ಬಂದು ನಿಂತಿವೆ, ಅಷ್ಟೆ. ಈ ವ್ಯುತ್ಪತ್ತಿಯನ್ನು ದಯವಿಟ್ಟು ಇಲ್ಲಿಗೇ ಬಿಡಿ.

ಸಾಗರದಿಂದ (ಕೇಳಿದವಳು):

ಎಲ್ಲರಿಗೂ ವಂದನೆ. ಆದರೆ ತಗಡು ಇನ್ನೂ ಖಾಲಿ ಇದೆ.

‘ಪಳಗಿದ’ ಯಾಕೆ ಆಗುವುದಿಲ್ಲ ಅಂದರೆ, ನಮ್ಮ ಜಿಲ್ಲೆಯಲ್ಲೇ ಸಕ್ರೆಬೈಲು ಇದೆ. ಅಲ್ಲಿನ ಆನೆಗಳು ಪಳಗಿದವು. ಮಾವುತ ಕೂತು ತಿಂಗಳುಗಟ್ಟಲೆ ಹೇಳಿಕೊಟ್ಟಿದ್ದಾನೆ, ಕೂರು ಅಂದರೆ ಕೂರುತ್ತವೆ. ಈ ಮಂಗಗಳಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಪಳಗಿದ ಅಂತ ಬರೆದರೆ ಕಚ್ಚುವುದಿಲ್ಲ ಅಂತ ಮಕ್ಕಳು ತಿಳಿಯುತ್ತಾರೆ. ನನಗೆ ಬೇಕಾದ್ದು ಅದರ ಪೂರ್ತಿ ಎದುರಿನ ಅರ್ಥ.

‘ಸಾಕಿದ’ ಇನ್ನೂ ತೊಂದರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ. ನಾವೇ ಬೋರ್ಡು ಹಾಕಿ ಒಪ್ಪಿಕೊಂಡಂತೆ ಆದೀತು. ಅದೂ ಅಲ್ಲದೆ ಸಾಕುವುದು ಅಂದರೆ ಹೊಣೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಕೊರೊನಾ ಸೋಂಕು ಅಂತ ಈ ತಿಂಗಳ ಮೊದಲ ವಾರ ಸುದ್ದಿ ಬಂತಲ್ಲ, ಮಾರನೆಯ ದಿನವೇ ಯಾರೋ ಕೊರಳಪಟ್ಟಿ ಸಮೇತ ಒಂದು ನಾಯಿಯನ್ನು ಡೇರಿ ಹತ್ತಿರ ಬಿಟ್ಟು ಹೋದರು. ಈಗ ಅದು ನಮ್ಮ ಕೊಟ್ಟಿಗೆಯಲ್ಲಿ ಮಲಗುತ್ತದೆ. ದಿನಾ ಸಂಜೆ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣುಗು ಇದೆಯೇ ಅಂತ ಹುಡುಕುತ್ತೇವೆ. ಸಾಕುವುದು ಅಂದರೆ ಇದು. ಕಿಟಕಿಗೆ ಕೈ ಹಾಕುವ ಮಂಗನ ವಿಷಯದಲ್ಲಿ ನಾನು ಅದನ್ನು ಮಾಡುತ್ತಿಲ್ಲ.

‘ಒಗ್ಗಿದ’ ಕೂಡ ಯೋಚಿಸಿದೆ. ಹವೆ ಒಗ್ಗುತ್ತದೆ, ನೀರು ಒಗ್ಗುತ್ತದೆ. ಎಚ್ಚರಿಕೆಯ ಧ್ವನಿ ಅದರಲ್ಲಿಲ್ಲ.

ಶಿರಸಿಯಿಂದ:

ತಂಗಿ, ‘ಸದರ’ ಅಂತ ಬರೆ. ಮಕ್ಕಳಿಗೆ ಸದರ ಕೊಟ್ಟರೆ ತಲೆ ಮೇಲೆ ಕೂರುತ್ತವೆ ಅನ್ನುವುದಿಲ್ಲವಾ? ಸದರ ಕೊಟ್ಟವನದ್ದೂ ತಪ್ಪು, ಪಡೆದದ್ದೂ ಮಿತಿ ಮೀರಿತು, ಎರಡೂ ಆ ಪದದಲ್ಲಿವೆ. ನಮ್ಮ ತೋಟದಲ್ಲೂ ‘ಮಂಗ ಸದರ ಆಗ್ಬಿಟ್ಟಿದ್ದ’ ಅಂತಲೇ ಹೇಳುವುದು. ಸಲಿಗೆಗೂ ಇದಕ್ಕೂ ವ್ಯತ್ಯಾಸ ಇದೆ. ಸಲಿಗೆಯಲ್ಲಿ ಪ್ರೀತಿ ಉಂಟು, ಸದರದಲ್ಲಿ ಹೆದರಿಕೆ ಹೋದದ್ದು ಮಾತ್ರ.

ಬೆಂಗಳೂರಿನಿಂದ:

ಸದರ ಪಾರಸಿಯಿಂದ ಬಂದದ್ದು. ಕಂದಾಯ ಕಾಗದಗಳಲ್ಲಿ ‘ಸದರಿ ಜಮೀನು’ ಅನ್ನುತ್ತಾರಲ್ಲ, ಅದೇ. ಒಪ್ಪಲಾಗದು.

ಮಂಗಳೂರಿನಿಂದ:

‘ಮೇಲೆ ಹೇಳಿದ’ ಅನ್ನುವ ಸದರಿಗೂ ಸಲಿಗೆಯ ಸದರಕ್ಕೂ ಅರ್ಥದಲ್ಲಿ ಎಲ್ಲಿ ನಂಟು? ಸದರ ಅಂದರೆ ಹಗುರ, ಸುಲಭ. ಯಾರಿಗಾದರೂ ನಾವು ಸುಲಭವಾಗಿ ಸಿಕ್ಕಿಬಿಟ್ಟರೆ ಸದರವಾದೆವು. ಸದ್ದು ಹೋಲುತ್ತದೆ ಅಂತ ಪದಗಳನ್ನು ಗಂಟು ಹಾಕುವುದು ಮೊದಲು ಧಾರವಾಡದವರದ್ದಾಯಿತು, ಈಗ ನಿಮ್ಮದು.

ಬೆಂಗಳೂರಿನಿಂದ:

ಸರಿ, ಸದರ ಬಿಡಿ. ಲಾಕ್‌ಡೌನ್ ಅನ್ನುವುದನ್ನು ಈ ಬಳಗ ಒಂದು ತಿಂಗಳಿನಿಂದ ಹಾಗೇ ನುಂಗುತ್ತಿದೆ. ‘ದಿಗ್ಬಂಧನ’ ಎಂದು ಪತ್ರಿಕೆಯವರು ಬರೆದರು, ಅದೂ ಸಂಸ್ಕೃತ. ‘ಸೋಂಕು’ ಅನ್ನುವುದನ್ನು ನೋಡಿ: ತಾಕು, ಮುಟ್ಟು ಅನ್ನುವ ಅಚ್ಚಗನ್ನಡ ಪದ, ಇಂದು ಇಡೀ ರಾಜ್ಯ ಅದನ್ನೇ ಆಡುತ್ತಿದೆ. ಮನಸ್ಸು ಮಾಡಿದರೆ ಆಗುತ್ತದೆ.

ಮೈಸೂರಿನಿಂದ:

ಸೋಂಕು ಜನರ ಬಾಯಲ್ಲಿ ಮೊದಲೇ ಇತ್ತು, ಯಾರೂ ಕೂತು ಕಟ್ಟಿದ್ದಲ್ಲ. ಲಾಕ್‌ಡೌನ್ ಎಂಬ ಸ್ಥಿತಿಯೇ ಮೊದಲು ಇರಲಿಲ್ಲ. ಹಳ್ಳಿಯವರು ‘ಬಂದ್’ ಅನ್ನುತ್ತಾರೆ, ಅದೂ ಪಾರಸಿ. ಏನು ಮಾಡುತ್ತೀರಿ? ಇನ್ನೊಂದು ಮಾತು. ಬೋರ್ಡಿನಲ್ಲಿ ‘ಮಂಗಕ್ಕೆ’ ಎಂದು ಬರೆಯಬೇಡಿ. ‘ಮಂಗನ ಕಾಯಿಲೆ’ ಅನ್ನುವ ಊರಿನಲ್ಲಿ ‘ಮಂಗನಿಗೆ’ ಎಂದೇ ಆಗಬೇಕು.

ಸಾಗರದಿಂದ (ಕೇಳಿದವಳು):

ಬೋರ್ಡು ಆಯಿತು. ಬೆಳಗ್ಗೆ ಏಳಕ್ಕೆ ಹಾಲು ಹಾಕುವ ಹೊತ್ತಿಗೆ ನಿಲ್ಲಿಸಿದೆವು. ಹೀಗೆ ಬರೆದಿದೆ:

ಮಂಗನಿಗೆ ಸದರ ಬೇಡ
ತಿನ್ನಲು ಕೊಡಬೇಡಿ
ಸತ್ತ ಮಂಗ ಮುಟ್ಟಬೇಡಿ
ಆಸ್ಪತ್ರೆಗೆ ತಿಳಿಸಿ

ಶಿರಸಿಯ ಅಣ್ಣನಿಗೆ ವಿಶೇಷ ವಂದನೆ. ಓದಿದವರು ಯಾರೂ ಅರ್ಥ ಕೇಳಲಿಲ್ಲ. ನನಗೆ ಅಷ್ಟೇ ಬೇಕಿತ್ತು. ಲಾಕ್‌ಡೌನಿಗೆ ಪದ ಸಿಕ್ಕರೆ ಸಂತೋಷ, ಆದರೆ ಉಣುಗು ಅಲ್ಲಿಯವರೆಗೆ ಕಾಯುವುದಿಲ್ಲ.

ಒಬ್ಬರು ಅಜ್ಜಿ ಮಾತ್ರ ಅಂತರ ಬಿಟ್ಟು ನಿಂತು ಎರಡು ಸಲ ಓದಿ ನನ್ನನ್ನು ಕರೆದರು. ಅವರ ಕೊಟ್ಟಿಗೆಯಲ್ಲಿ ದನ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕುಡಿದು ಬಿಟ್ಟಮೇಲೆ ಮರಿಗೆಯ ತಳದಲ್ಲಿ ಉಳಿದ ಅನ್ನದ ಅಗುಳಿಗೆ ಒಂದು ಹೆಣ್ಣುನವಿಲು ಬರುತ್ತದೆ. ಹತ್ತು ವರ್ಷದಿಂದ ಯಾವುದಾದರೂ ಒಂದು ಬರುತ್ತಲೇ ಇದೆಯಂತೆ. ಅಜ್ಜಿ ಕರೆಯುವುದಿಲ್ಲ, ಓಡಿಸುವುದೂ ಇಲ್ಲ. ನಾಯಿಯೂ ಸುಮ್ಮನಿರುತ್ತದೆ. ಅವರು ಹತ್ತಿರ ಹೋದರೆ ನವಿಲು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ, ಹಾರಿಹೋಗುವುದಿಲ್ಲ. ‘ಇದೂ ಸದರವೇನೇ ಮಗಾ?’ ಅಂತ ಕೇಳಿದರು.

ಅಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ, ಹೆದರಿಕೆ ಅಲ್ಲಿ ನಾಲ್ಕು ಹೆಜ್ಜೆಯಷ್ಟು ಉಳಿದಿದೆ. ಸಾಕಿದ್ದಲ್ಲ, ಪಳಗಿದ್ದಲ್ಲ, ಸದರವಲ್ಲ. ಸಲಿಗೆ ಎನ್ನಲೂ ಆಗುವುದಿಲ್ಲ, ಹತ್ತಿರಕ್ಕೆ ಬರುವುದಿಲ್ಲವಲ್ಲ. ಇಂಥದ್ದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಈ ಸಲ ಆತುರವಿಲ್ಲ.