ಅಪ್ಪನ ಶುಗರ್, ಮರೆವು, ಪ್ಲೇಟ್ಲೆಟ್: ಗೊತ್ತಿದ್ದವರು ಹೇಳಿ

ಹಾಸನದ ಮಗಳು: ಅಪ್ಪನಿಗೆ 68 ವರ್ಷ. ಶುಗರ್ ಬಂದು 14 ವರ್ಷ ಆಯ್ತು. ಮೊನ್ನೆ ಹಾಲು ತಂದು ಅಡುಗೆಕಟ್ಟೆ ಮೇಲಿಟ್ಟರು. ಹತ್ತು ನಿಮಿಷಕ್ಕೆ ಮತ್ತೆ ಚೀಲ ಹಿಡಿದು ಹಾಲಿಗೆ ಹೊರಟರು. ನನಗೆ ಎದೆ ಝಲ್ಲೆಂದಿತು. ಡಾಕ್ಟರ್ ಹತ್ತಿರ ಹೋದರೆ, ಶುಗರ್ ಇರುವವರ ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಬೇಗ ಅಂಟಿಕೊಳ್ಳುತ್ತೆ, ಮಿದುಳಿಗೆ ಒಳ್ಳೆಯದಲ್ಲ, ಊಟ ಸರಿಮಾಡಿ ಅಂದರು. ಆದರೆ ರಿಪೋರ್ಟಲ್ಲಿ ಪ್ಲೇಟ್ಲೆಟ್ ಕೌಂಟ್ 2.4 ಲಕ್ಷ ಇದೆ, ನಾರ್ಮಲ್ ಅಲ್ವಾ? ಪಪ್ಪಾಯಿ ಎಲೆ ರಸ ಕೊಡಲಾ?

ಲ್ಯಾಬ್ ಅಣ್ಣ, ಮಂಡ್ಯ: ತಂಗಿ, ರಸ ಬೇಡ. ಅದನ್ನು ಜನ ಕುಡಿಸುವುದು ಡೆಂಗಿಯಲ್ಲಿ ಕೌಂಟ್ ಇಳಿದಾಗ. ಇಲ್ಲಿ ಕೌಂಟ್ ಸರಿಯಿದೆ, ಸ್ವಭಾವ ಕೆಟ್ಟಿದೆ. 22 ವರ್ಷ ಮೈಕ್ರೋಸ್ಕೋಪಲ್ಲಿ ರಕ್ತದ ಸ್ಲೈಡ್ ನೋಡಿದ್ದೇನೆ. ಕೆಂಪು ಕಣಗಳ ನಡುವೆ ನೇರಳೆ ಪುಡಿ ಚೆಲ್ಲಿದ ಹಾಗೆ ಕಾಣುತ್ತವಲ್ಲ, ಅವೇ ಪ್ಲೇಟ್ಲೆಟ್. ಗಾಯವಾದರೆ ಮಾತ್ರ ಅವು ಒಂದಕ್ಕೊಂದು ಅಂಟಬೇಕು. ಇನ್ಸುಲಿನ್ ಅವನ್ನು ಸುಮ್ಮನಿರಿಸುತ್ತದೆ. ಮೈ ಇನ್ಸುಲಿನ್ ಮಾತು ಕೇಳದಿದ್ದರೆ ಆ ಹಿಡಿತ ಸಡಿಲ. ಮೇಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ. ಸುಮ್ಸುಮ್ನೆ ಅಂಟಲು ಶುರುಮಾಡುತ್ತವೆ. ಮಿದುಳಿನ ಕೂದಲೆಳೆಯಂಥ ನಾಳಗಳಿಗೆ ಅದೇ ಅಪಾಯ.

ಸಮಾಧಾನ ಏನೆಂದರೆ, ಒಂದು ಪ್ಲೇಟ್ಲೆಟ್‌ನ ಆಯಸ್ಸು 7ರಿಂದ 10 ದಿನ ಅಷ್ಟೇ. ಹಳೆಯವು ಹೋಗಿ ಹೊಸವು ಬರುತ್ತಲೇ ಇರುತ್ತವೆ. ಶುಗರ್ ಇಳಿಸಿದರೆ ಆ ಹೊಸವು ಕಮ್ಮಿ ಅಂಟಬಹುದು. ಅನ್ನ ಅರ್ಧ ಮಾಡಿ. ಮುದ್ದೆಯೂ ಶುಗರ್ ಏರಿಸುತ್ತೆ, ರಾಗಿ ಅಂತ ಎರಡು ಹಾಕಬೇಡಿ. ಚಿಕ್ಕದೊಂದು ಮುದ್ದೆ, ತಟ್ಟೆ ತುಂಬ ಸೊಪ್ಪಿನ ಸಾರು, ಹುರುಳಿಕಾಳು, ಅಗಸೆ ಚಟ್ನಿಪುಡಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಸಿ.

ಕುಂದಾಪ್ರ ಹುಡುಗ: ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ ಸಾರು ಮಾಡಿ. ಅದರ ಒಮೆಗಾ-3 ಕೊಬ್ಬು ಪ್ಲೇಟ್ಲೆಟ್‌ನ ಅಂಟು ಸ್ವಲ್ಪ ತಗ್ಗಿಸುತ್ತೆ. ಹುರಿದು ಬೇಡ. ಅಣ್ಣಾ, ಪ್ಲೇಟ್ಲೆಟ್ ಅಂಟದಂತೆ ತಡೆಯುವ ಆಸ್ಪಿರಿನ್ ಮಾತ್ರೆ ಕೊಟ್ಟರೆ ಹೇಗೆ?

ಲ್ಯಾಬ್ ಅಣ್ಣ, ಮಂಡ್ಯ: ನಾವಾಗಿ ಕೊಡಲೇಬಾರದು. ಆಸ್ಟ್ರೇಲಿಯಾ, ಅಮೆರಿಕದಲ್ಲಿ 19,114 ಹಿರಿಯರ ಮೇಲೆ ನಡೆದ ಆಸ್ಪ್ರೀ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ದಿನಾ ಆಸ್ಪಿರಿನ್ ತಿಂದರೂ ಮರೆವಿನ ಕಾಯಿಲೆ ಕಮ್ಮಿಯಾಗಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ಮೊದಲೇ ಸ್ಟ್ರೋಕ್ ಆದವರ ಕಥೆ ಬೇರೆ, ಅದನ್ನು ಡಾಕ್ಟರ್ ನೋಡುತ್ತಾರೆ.

ಇನ್ನೊಂದು, ತಂಗಿ. ಅಪ್ಪ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೋತಾರಾ? ವರ್ಷಗಟ್ಟಲೆ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು. ಅದರಿಂದಲೂ ಮರೆವು ಬರುತ್ತೆ, ಸರಿಪಡಿಸಲೂ ಆಗುತ್ತೆ. ನೋಡಿಸಿದ್ದೀರಾ?

ಹಾಸನದ ಮಗಳು: ಈಗ ತಾನೇ ಮಾತ್ರೆ ಡಬ್ಬಿ ತೆಗೆದು ನೋಡಿದೆ ಅಣ್ಣ. ಮೆಟ್‌ಫಾರ್ಮಿನ್ನೇ, ಮೊದಲಿನಿಂದಲೂ. ಬಿ12 ಒಮ್ಮೆಯೂ ನೋಡಿಸಿಲ್ಲ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇನೆ.