ಪಾರ್ಕ್ ರಸ್ತೆ ನಿವಾಸಿಗಳು: ಅಂಗನವಾಡಿಗೆ ಮತ್ತೆ ನೀರು

ಮನೆ 27 (ಬೆಳಗ್ಗೆ 5.52): ನಿಮಗೆಲ್ಲ ಒಳ್ಳೆ ನಿದ್ದೆ ಬಂದಿರಬೇಕು. ನನಗೆ ಬಂದಿಲ್ಲ. ರಾತ್ರಿ ಒಂದೂವರೆಗೆ ಅಂಗನವಾಡಿಗೆ ಮತ್ತೆ ನೀರು ನುಗ್ಗಿತು. ಸಹಾಯಕಿ ಅಕ್ಕ ಒಬ್ಬರೇ ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಮೂಟೆ ಎಳೆಯುತ್ತಿದ್ದರು. ನಾನೂ ನನ್ನ ಮಗನೂ ಹೋಗಿ ಮೇಜಿನ ಮೇಲೆ ಎತ್ತಿಟ್ಟೆವು. ಹಾಲಿನ ಪುಡಿ ಹೋಯಿತು. ಮಕ್ಕಳ ಚಿಲಿಪಿಲಿ ಪುಸ್ತಕಗಳು ಇಡ್ಲಿ ಥರ ಊದಿಕೊಂಡಿವೆ. ಇದು ಮೂರನೇ ಸಲ. ಚರಂಡಿ ಮೇಲಿನ ಆ ರ‍್ಯಾಂಪ್ ಒಡೆಯುವವರೆಗೂ ನಾನು ಸುಮ್ಮನಿರುವುದಿಲ್ಲ.

ಮೂಲೆಮನೆ ಕಾರ್ಯದರ್ಶಿ: ಬೆಳಗ್ಗೆ ಬೆಳಗ್ಗೆ ಯಾವ ರ‍್ಯಾಂಪ್ ಮೇಡಂ? ಬಾಯಿ ಬಿಟ್ಟು ಹೇಳಿ.

ಮನೆ 27: ಎಲ್ಲರಿಗೂ ಗೊತ್ತಿರುವುದೇ ಸರ್.

ಮೂಲೆಮನೆ ಕಾರ್ಯದರ್ಶಿ: ನಮ್ಮ ರ‍್ಯಾಂಪ್ ಅಡಿಯಲ್ಲಿ ಪೈಪ್ ಹಾಕಿಸಿದ್ದೇನೆ. ನೀರು ನಿಲ್ಲುವುದು 19ರವರು ಮನೆ ಕಟ್ಟಿಸುವಾಗ ಸುರಿದ ಜಲ್ಲಿಯಿಂದ.

ಮನೆ 19: ಜಲ್ಲಿ ತೆಗೆಸಿ ಎರಡು ವರ್ಷ ಆಯಿತು ಸರ್. ನಿಮ್ಮದು ನಾಲ್ಕಿಂಚು ಪೈಪು. ಇಡೀ ರಸ್ತೆಯ ಮಳೆನೀರು ಅದರಲ್ಲಿ ಹೋಗುತ್ತಾ?

ಮಹಡಿಮನೆ ಹುಡುಗ: ಚರಂಡಿಯನ್ನೂ ಅಂಗನವಾಡಿಗೆ ಸೇರಿಸಿ, ಹರಿಯುವುದು ಕಲಿಯಲಿ 😄

ಪಾರ್ಕ್ ಎದುರು ಆಂಟಿ: 🌹 ಶುಭೋದಯ 🌹 ಇದನ್ನು ಹನ್ನೊಂದು ಜನಕ್ಕೆ ಕಳಿಸಿ. ಸಂಜೆಯೊಳಗೆ ಶುಭ ಸುದ್ದಿ ಬರುತ್ತದೆ.

ಮೂಲೆಮನೆ ಕಾರ್ಯದರ್ಶಿ: ಮುಖ್ಯ ವಿಷಯ ಕೇಳಿ. ರಿಜಿಸ್ಟರಿನಲ್ಲಿ 28 ಮಕ್ಕಳು. ಬರುವುದು ಒಂಬತ್ತು. ಉಳಿದವರು ಟೈ ಕಟ್ಟಿಕೊಂಡು ಇಂಗ್ಲಿಷ್ ಸ್ಕೂಲಿಗೆ ಹೋಗುತ್ತಾರೆ. ಒಂಬತ್ತು ಮಕ್ಕಳಿಗೆ ರಸ್ತೆ ಅಗೆಸಬೇಕಾ?

ಮೂಲೆಮನೆ ಕಾರ್ಯದರ್ಶಿ: ಇನ್ನೊಂದು.

ಮೂಲೆಮನೆ ಕಾರ್ಯದರ್ಶಿ: ಆ ಕಟ್ಟಡ ಸಂಘಕ್ಕೆ ಸಿಕ್ಕರೆ ಯೋಗ ಕ್ಲಾಸ್ ಮಾಡಬಹುದು ಅಂತ ಹೋದ ವರ್ಷವೇ ಹೇಳಿದ್ದೆ. ಆಗ ಯಾರೂ ಕೇಳಲಿಲ್ಲ.

ಇಸ್ತ್ರಿ ಅಂಗಡಿ: ಸರ್, ಟೈ ಕಟ್ಟಿಕೊಂಡು ಹೋದವರಲ್ಲಿ ನನ್ನ ಮಗಳೂ ಒಬ್ಬಳು. ವರ್ಷಕ್ಕೆ 22 ಸಾವಿರ. ಎರಡನೇ ಕಂತು ಕಟ್ಟಲಾಗದೆ ಡಿಸೆಂಬರಿನಲ್ಲಿ ಬಿಡಿಸಿದೆ. ಎಬಿಸಿಡಿ ಗಡಗಡ ಒಪ್ಪಿಸುತ್ತಾಳೆ. ಎಂ ಒಂದನ್ನೇ ಬರೆದು ತೋರಿಸಿದರೆ ಎ ಇಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲುತ್ತಾಳೆ. ಮೊದಲಾಗಿದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಉಚಿತ ಸೀಟು ಸಿಗುತ್ತಿತ್ತು. 2019ರಿಂದ ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಕೊಡುವುದಿಲ್ಲ. ಈಗ ಅಂಗನವಾಡಿಗೆ ಹೋಗುತ್ತಾಳೆ. ಮೊಟ್ಟೆ ಕೊಡುತ್ತಾರೆ, ಮಿಸ್ ತೂಕ ನೋಡುತ್ತಾರೆ. ಆ ಒಂಬತ್ತರಲ್ಲಿ ಅವಳೂ ಇದ್ದಾಳೆ.

ಮೇಷ್ಟ್ರು: ಕಾರ್ಯದರ್ಶಿಗಳೇ, ಈ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ಕ್ಕೆ ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಇಲ್ಲಿಂದ ಒಂದು ಗಂಟೆ ದಾರಿ. ಕಡ್ಡಾಯ ಶಿಕ್ಷಣದ ಹಕ್ಕು ಆರು ವರ್ಷದಿಂದ ಮೇಲಿನವರಿಗೆ. ಮೂರರಿಂದ ಆರರ ಬಡ ಮಗುವಿಗೆ ಹೆಚ್ಚಿನ ಕಡೆ ಇರುವುದು ಇದೊಂದೇ ಬಾಗಿಲು. ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 123 ಬಡ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಶಿಶುವಿಹಾರ ಕೊಟ್ಟು, 40 ವರ್ಷ ವಯಸ್ಸಾಗುವವರೆಗೂ ಹಿಂದೆ ಬಿದ್ದು ನೋಡಿದರು. ಕಲಿತವರ ಐಕ್ಯೂ ಲಾಭ ಬೇಗ ಕರಗಿತು. ಆದರೆ ಹೈಸ್ಕೂಲು ಮುಗಿಸಿದವರು, ಚೆನ್ನಾಗಿ ದುಡಿದವರು ಅವರಲ್ಲೇ ಹೆಚ್ಚು. ಜೈಲು ಕಂಡವರು ಕಡಿಮೆ.

ಮಹಡಿಮನೆ ಹುಡುಗ: ಮೇಷ್ಟ್ರೇ, ಪರೀಕ್ಷೆಗೆ ಇದು ಬರುತ್ತಾ?

ಮೂಲೆಮನೆ ಕಾರ್ಯದರ್ಶಿ: ಅಮೆರಿಕ ಬಿಡಿ. ಇಲ್ಲಿ ತಾಯಂದಿರಿಗೇ ಆಸಕ್ತಿ ಇಲ್ಲ.

ಮನೆ 27: ಆಸಕ್ತಿ ಇಲ್ಲವಾ? ಕೆಲಸದವರು ನಮ್ಮ ಮನೆಗಳಿಗೆ ಏಳಕ್ಕೆ ಬರಬೇಕು. ಅಂಗನವಾಡಿ ತೆಗೆಯುವುದು ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಅವರು ಮೂರನೇ ಮನೆಯ ಪಾತ್ರೆ ತಿಕ್ಕುತ್ತಿರುತ್ತಾರೆ. ಮಗುವನ್ನು ಬಿಟ್ಟು ಬರುವವರು ಯಾರು? ನಿಮ್ಮ ಮೆಟ್ಟಿಲ ಮೇಲೆ ದಿನಾ ಒಂದು ಹುಡುಗ ಕೂತು ಚಪ್ಪಲಿ ಜೋಡಿಸುತ್ತಿರುತ್ತಾನಲ್ಲ, ಅವನ ಹೆಸರೂ ಆ 28ರಲ್ಲಿದೆ.

ಮೂಲೆಮನೆ ಕಾರ್ಯದರ್ಶಿ: ನಮ್ಮ ಮನೆ ವಿಷಯ ತೆಗೆಯಬೇಡಿ. ಅವನಿಗೆ ದಿನಾ ಬಿಸ್ಕತ್ತು ಕೊಡುತ್ತೇವೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಮನೆ 19: ಏನು ಅಳಿಸಿದಿರಿ ಮೇಡಂ?

ಮನೆ 27: ಬಿಡಿ. ಓದಬೇಕಾದವರು ಓದಿದರು.

ಮನೆ 19: ಜಗಳ ಸಾಕು. ಭಾನುವಾರ ಹತ್ತಕ್ಕೆ ಎಲ್ಲರೂ ಚರಂಡಿ ಹತ್ತಿರ ಸೇರೋಣ. ಮನೆಗೆ 300 ಹಾಕಿದರೆ ಹೂಳು ತೆಗೆಸಬಹುದು. ಅಂಗನವಾಡಿ ಬೇಗ ತೆಗೆದು, ಒಬ್ಬರಾದರೂ ಹೋಗಿ ಮಕ್ಕಳನ್ನು ಕರೆತರಬಹುದಾ ಅಂತ ಮಿಸ್ ಹತ್ತಿರವೂ ಕೇಳೋಣ. ಅರ್ಜಿ ಮೇಷ್ಟ್ರು ಬರೆಯಲಿ.

👍 👍 🙏 👍

ಮೇಷ್ಟ್ರು: ಬರೆದಾಯಿತು. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಒಂದು, ಪಾಲಿಕೆಗೆ ಒಂದು. ಬಾಲವಿಕಾಸ ಸಮಿತಿಯ ತಾಯಂದಿರು ಆಗಲೇ ಸಹಿ ಹಾಕಿದ್ದಾರೆ. ನೀವೂ ಬನ್ನಿ, ಕಾಫಿ ಇದೆ.

ಮೂಲೆಮನೆ ಕಾರ್ಯದರ್ಶಿ: ಸಂಘದ ಲೆಟರ್‌ಹೆಡ್ ಇಲ್ಲದೆ ಏನೂ ಹೋಗುವಂತಿಲ್ಲ. ಅದು ನನ್ನ ಬೀರುವಿನಲ್ಲಿದೆ. ನಾನು ಊರಲ್ಲಿದ್ದೇನೆ.

ಮನೆ 19: ಬೆಳಗ್ಗೆ ಇಲ್ಲೇ ಇದ್ದಿರಿ?

ಪಾರ್ಕ್ ಎದುರು ಆಂಟಿ: ಭಾನುವಾರ ಗಣೇಶನ ಮೀಟಿಂಗ್ ಅಲ್ವಾ?

ಮನೆ 11: ಹೌದಲ್ವಾ! ಈ ಸಲ ಚಂದಾ ಎಷ್ಟು?

ಮೂಲೆಮನೆ ಕಾರ್ಯದರ್ಶಿ: ಮನೆಗೆ 500. ಅದರ ಮೇಲೆ ಚರಂಡಿಗೆ 300 ಅಂದರೆ ಯಾರೂ ಕೊಡಲ್ಲ. ಮೊದಲು ಗಣೇಶ ಆಗಲಿ.

ಮನೆ 11: ಆರ್ಕೆಸ್ಟ್ರಾ ಬೇಡ ಸರ್. ಹೋದ ಸಲ ರಾತ್ರಿ ಹನ್ನೆರಡಾಯಿತು.

ಮಹಡಿಮನೆ ಹುಡುಗ: ಆರ್ಕೆಸ್ಟ್ರಾ ಬೇಕು. ಓಟ್ ಹಾಕೋಣ.

(ಓಟಿಂಗ್: ಆರ್ಕೆಸ್ಟ್ರಾ 14, ಭಜನೆ 9)

ಮೇಷ್ಟ್ರು: ಅರ್ಜಿಗೆ ನಮ್ಮ ರಸ್ತೆಯವರ ಸಹಿ ನಾಲ್ಕು ಆಗಿದೆ.

ಮೂಲೆಮನೆ ಕಾರ್ಯದರ್ಶಿ: ಪೆಂಡಾಲ್ ಈ ಸಲ ಅಂಗನವಾಡಿ ಎದುರು ಬೇಡ. ಅಲ್ಲಿ ನೀರು ನಿಲ್ಲುತ್ತದೆ.

ಇಸ್ತ್ರಿ ಅಂಗಡಿ: ಮೇಡಂ, ನಾಳೆ ಅಂಗನವಾಡಿ ಇದೆಯಾ?

ಮನೆ 27: ಇದೆ ಅಣ್ಣ. ನಮ್ಮ ಕಾರ್ ಶೆಡ್ಡಿನಲ್ಲಿ. ಒಂದು ತಟ್ಟೆ ಕೊಟ್ಟು ಕಳಿಸಿ.